ಗಂಟಿಗೆ ಗತಿ ಬ್ಯಾರನ್ನಿನ ಒಲೆಯೇ?



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದ ನಿಮಗೆ ಬ್ಯಾರನ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಹೊಗೆಸೊಪ್ಪು ಬೇಯುವ ಆ ಎತ್ತರದ ಮನೆಗಳ ನೆರಳಿನಲ್ಲಿ ಆಡಿದವರು ನೀವು. ಆದರೆ ಅದರ ಒಲೆಯ ಬಾಯಿಗೆ ಏನೇನು ಹೋಗುತ್ತದೆಂಬುದನ್ನು ಎಂದಾದರೂ ನಿಂತು ನೋಡಿದ್ದೀರಾ? ಜುಲೈ ತಿಂಗಳಲ್ಲಿ ಎಲೆ ಮುರಿಯುವ ಕೆಲಸ ಆರಂಭವಾಗುವುದಕ್ಕೆ ಮೊದಲೇ ಪ್ರತಿ ಬ್ಯಾರನ್ನಿನ ಪಕ್ಕದಲ್ಲಿ ಸೌದೆಯ ರಾಶಿ ಏಳುತ್ತದೆ. ಆ ರಾಶಿಯಲ್ಲಿ ನೆಟ್ಟಗಿರುವ ದಿಮ್ಮಿಯನ್ನು ಹುಡುಕಿದರೆ ಸಿಕ್ಕುವುದು ಅಪರೂಪ. ನೆಟ್ಟಗಿರುವುದು ಸಾಮಿಲ್ಲಿಗೆ ಹೋಗಿ ಬಾಗಿಲುವಾಡವೋ ಮಂಚವೋ ಆಗಿರುತ್ತದೆ. ಉಳಿಯುವುದು ಬುಡ, ಕವಲು, ಬೇರು ಮತ್ತು ಗಂಟು.

ಈ ಗಂಟಿನ ಪರವಾಗಿ ಇಂದು ವಕಾಲತ್ತು ವಹಿಸಬೇಕೆಂದಿದ್ದೇನೆ. ಮರದ ಗಂಟನ್ನು ಸೌದೆಯ ಲೆಕ್ಕದಲ್ಲಿ ತೂಗುವುದು ಅವಿವೇಕ. ಅದು ಲೇತಿನ ಮೇಲೆ ನಿಲ್ಲುವುದಿಲ್ಲವೆಂಬುದು ಸುಳ್ಳು. ನಿಲ್ಲಿಸುವ ಕ್ರಮವನ್ನರಿಯದೆ ನಿಲ್ಲಿಸಹೊರಡುವುದು ಅಪಾಯ. ಈ ಮೂರನ್ನೂ ಸಾಧಿಸಿ ತೋರಿಸಲು ಯತ್ನಿಸುತ್ತೇನೆ. ಮೇಷ್ಟರಿಗೆ ನಿವೃತ್ತಿಯಾದ ಮೇಲೂ ಪಾಠ ಮಾಡುವ ಚಟ ಬಿಡಲಿಲ್ಲವೆಂದು ನೀವು ನಗಬಹುದು; ನಗುತ್ತಲೇ ಓದಿರಿ.

ಮೊದಲು ಪದಾರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಕೊಂಬೆ ಮುರಿದ ಕಡೆ ಹಲಗೆಯಲ್ಲಿ ಕಾಣುವ ಗಿಣ್ಣಿನ ವಿಷಯವನ್ನು ನಾನು ಹೇಳುತ್ತಿಲ್ಲ. ಕಾಂಡದ ಮೇಲೆ ಅಥವಾ ಬುಡದಲ್ಲಿ ಗಡ್ಡೆಯಂತೆ ಉಬ್ಬಿ ಬೆಳೆಯುವ ಗಂಟಿನ ಮಾತು ಇದು. ಗಾಯ, ಕೀಟ, ಶಿಲೀಂಧ್ರ ಮುಂತಾದ ಕಾರಣಗಳಿಂದ ಮರದ ಒಂದು ಭಾಗದ ಬೆಳವಣಿಗೆ ಕ್ರಮ ತಪ್ಪುತ್ತದೆ. ಚಿಗುರಬೇಕಾದ ಮೊಗ್ಗುಗಳು ಹೊರಬರದೆ ಒಳಗೇ ನೂರಾಗಿ ಒಡೆಯುತ್ತವೆ. ಅವುಗಳ ಸುತ್ತ ಎಳೆ ಸುಳಿಸುಳಿಯಾಗಿ ಹೆಣೆದುಕೊಳ್ಳುತ್ತದೆ. ಬೇವು, ಹುಣಸೆ, ಮಾವು, ಬಾಗೆ, ಜಾಲಿ, ಮಳೆಮರ ಯಾವುದರಲ್ಲಿಯೂ ಇದು ಬರಬಹುದು. ಹಲವು ಬಾರಿ ಕಡಿದು ಚಿಗುರಿಸಿದ ನೀಲಗಿರಿಯ ಬುಡದಲ್ಲಿ ಮಣ್ಣಿನ ಮಟ್ಟಕ್ಕೇ ಅಂತಹ ಗಡ್ಡೆ ಇರುತ್ತದೆ. ೨೦೧೭ರಲ್ಲಿ ಸರ್ಕಾರ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ ಮೇಲೆ ಯಂತ್ರ ತರಿಸಿ ಕಿತ್ತುಹಾಕಿದ ಬುಡಗಳನ್ನು ನೀವೂ ಕಂಡಿರುತ್ತೀರಿ. ಹುಣಸೂರೆಂಬ ಹೆಸರೇ ಹುಣಸೆಯಿಂದ ಬಂದುದೆಂದು ಹಿರಿಯರು ಹೇಳುತ್ತಾರೆ. ಹಳೆಯ ಹುಣಸೆಯ ಕಪ್ಪು ತಿರುಳಿನ ಗಂಟನ್ನು ಒಮ್ಮೆ ಕೊಯ್ದು ನೀರು ಸವರಿ ನೋಡಿದವನು ಅದನ್ನು ಒಲೆಗೆ ಹಾಕುವ ಮೊದಲು ಎರಡು ಬಾರಿ ಯೋಚಿಸುತ್ತಾನೆ.

ಈಗ ಒಂದು ಸಣ್ಣ ಲೆಕ್ಕ. ಒಂದು ಕಿಲೋ ಎಲೆಯನ್ನು ಬ್ಯಾರನ್ನಿನಲ್ಲಿ ಹದಮಾಡಲು ಸಾಧಾರಣವಾಗಿ ೪ರಿಂದ ೫ ಕಿಲೋ ಸೌದೆ ಬೇಕು. ಸಾವಿರ ಕಿಲೋ ಎಲೆಗೆ ೪ರಿಂದ ೫ ಟನ್. ಅಂದರೆ ೧೦ ಕಿಲೋ ತೂಕದ ಒಂದು ಗಂಟು ಎರಡು ಅಥವಾ ಎರಡೂವರೆ ಕಿಲೋ ಎಲೆಯನ್ನು ಬೇಯಿಸಿ ಬೂದಿಯಾಗುತ್ತದೆ. ನಲವತ್ತು ಐವತ್ತು ವರ್ಷ ಕೂಡಿಸಿಟ್ಟದ್ದು ಅರ್ಧ ಗಂಟೆಯೂ ಉರಿಯುವುದಿಲ್ಲ. ಇಷ್ಟಾಗಿ, ಒಲೆಯ ಕೆಲಸಕ್ಕೂ ಗಂಟು ಒಳ್ಳೆಯ ಸೌದೆಯಲ್ಲ. ಎಳೆ ಹೆಣೆದುಕೊಂಡಿರುವುದರಿಂದ ಕೊಡಲಿಗೆ ಸೀಳುವುದಿಲ್ಲ. ಸೀಳುವ ಆಳು ಶಪಿಸುತ್ತಾ ಇಡಿಯಾಗಿಯೇ ಒಳಕ್ಕೆ ತಳ್ಳುತ್ತಾನೆ. ಬೆಳೆಗಾರರನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ನಿಮ್ಮಲ್ಲಿ ಎಷ್ಟೋ ಮಂದಿಯ ಶಾಲೆಯ ಶುಲ್ಕ ಹರಾಜು ಮಾರುಕಟ್ಟೆಯಿಂದ ಬಂದ ಹಣದಲ್ಲೇ ಸಂದಿದೆ. ಅದನ್ನು ನಾನು ಬಲ್ಲೆ. ರಾಶಿಯಿಂದ ಹತ್ತಾರು ಗಂಟುಗಳನ್ನು ಪಕ್ಕಕ್ಕೆ ಎತ್ತಿಟ್ಟರೆ ಯಾವ ಬ್ಯಾರನ್ನೂ ತಣ್ಣಗಾಗುವುದಿಲ್ಲ ಎಂದಷ್ಟೇ ನನ್ನ ವಾದ.

ಇದಕ್ಕೆ ಬರುವ ಮೊದಲ ಆಕ್ಷೇಪ ನಮ್ಮ ಮರಗೆಲಸದವರದೇ. "ಸಾರ್, ಗಂಟು ಸೊಟ್ಟ. ಅದಕ್ಕೆ ಮಧ್ಯ ಅನ್ನೋದೇ ಇಲ್ಲ. ಲೇತಿಗೆ ಹೇಗೆ ಕಟ್ಟೋದು?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ನಮಗೆ ಪರಿಚಿತವಾದ ಕಡೆತವೆಲ್ಲ ಮಂಚದ ಕಾಲು, ತೊಟ್ಟಿಲಿನ ಗುಂಬ, ಲಟ್ಟಣಿಗೆಯಂತಹ ಉದ್ದನೆಯ ವಸ್ತುಗಳದು. ಚನ್ನಪಟ್ಟಣದ ಬೊಂಬೆಗಾರರೂ ನೆಟ್ಟಗಿನ ಎಳೆಯ ಬಿಳಿಯ ಆಲೆಮರವನ್ನೇ ಆರಿಸುತ್ತಾರೆ. ಅರಗಿನ ಬಣ್ಣ ಹಚ್ಚಿದ ಮೇಲೆ ಮರದ ಎಳೆ ಕಾಣಬೇಕಾಗಿಯೂ ಇಲ್ಲ. ಆ ಪದ್ಧತಿಗೆ ಆ ಮರವೇ ಸರಿ. ಆದರೆ ಒಂದು ಪದ್ಧತಿಗೆ ಒಗ್ಗದ್ದು ಯಾವ ಪದ್ಧತಿಗೂ ಒಗ್ಗದೆನ್ನುವುದು ಎಲ್ಲಿಯ ತರ್ಕ?

ಉತ್ತರ ದೂರದಲ್ಲಿಲ್ಲ, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ಇದೆ. ೧೯೬೧ರಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದರು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಅವರ ನೆಲೆಯಾಯಿತು. ಅವರ ನಾಡಿನ ಸಂಪ್ರದಾಯದಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಆದ ಮರದ ಬಟ್ಟಲು. ಅದಕ್ಕೆ ಫೋರ್ಪಾ ಎಂದು ಹೆಸರು. ಬೆಣ್ಣೆ ಹಾಕಿದ ಚಹಾ ಕುಡಿಯಲೂ ಹಿಟ್ಟು ಕಲಸಿ ತಿನ್ನಲೂ ಅದೇ. ಅಂಗಿಯ ಎದೆಯ ಮಡಿಕೆಯಲ್ಲಿಟ್ಟುಕೊಂಡು ಪ್ರಯಾಣ ಮಾಡುತ್ತಿದ್ದರು. ಈ ಬಟ್ಟಲುಗಳಲ್ಲಿ ಅತ್ಯಂತ ಬೆಲೆಬಾಳುವುದು ಯಾವುದು ಗೊತ್ತೇ? ಮರದ ಗಂಟಿನಿಂದ ಕಡೆದದ್ದು. ಅತ್ಯುತ್ತಮವಾದ ಗಂಟಿನ ಬಟ್ಟಲಿಗೆ ವಿಷವನ್ನು ಪತ್ತೆಹಚ್ಚುವ ಶಕ್ತಿಯಿದೆ ಎಂಬ ನಂಬಿಕೆಯೂ ಇತ್ತು. ನಂಬಿಕೆಯನ್ನು ಬಿಡಿ, ಬಟ್ಟಲನ್ನು ನೋಡಿ. ಭೂತಾನದಲ್ಲಿ ಮರ ಕಡೆಯುವುದನ್ನು 'ಶಗ್‌ಜೋ' ಎಂದು ಕರೆದು ದೇಶದ ೧೩ ಸಾಂಪ್ರದಾಯಿಕ ಕಲೆಗಳಲ್ಲಿ ಒಂದಾಗಿ ಪರಿಗಣಿಸಿದ್ದಾರೆ. ಅಲ್ಲಿನ ತ್ರಾಶಿ ಯಾಂಗ್‌ತ್ಸೆ ಎಂಬ ಸೀಮೆ ಗಂಟುಮರದ ಬಟ್ಟಲುಗಳಿಗೇ ಪ್ರಸಿದ್ಧ. ಅಮೆರಿಕದಲ್ಲಿ ಮೆಲ್ ಲಿಂಡ್‌ಕ್ವಿಸ್ಟ್ ಮತ್ತು ಮಾರ್ಕ್ ಲಿಂಡ್‌ಕ್ವಿಸ್ಟ್ ಎಂಬ ತಂದೆಮಕ್ಕಳು ಗಂಟನ್ನೂ ಕೊಳೆಯಲಾರಂಭಿಸಿದ ಮರವನ್ನೂ ಕಡೆದು, ೧೯೭೦ರ ದಶಕದ ವೇಳೆಗೆ ಅದೊಂದು ಕಲೆಯೆನ್ನಿಸಿಕೊಳ್ಳುವಂತೆ ಮಾಡಿದರು. ಹಿಮಾಲಯದವರು ಕಾಲಿನಲ್ಲಿ ತುಳಿದು ತಿರುಗಿಸುವ ಲೇತಿನಲ್ಲಿ ಮಾಡಿದ್ದು, ಮೋಟಾರು ಇಟ್ಟುಕೊಂಡ ನಮಗೆ ಅಸಾಧ್ಯವೇ?

ನಮ್ಮ ಭಾಷೆಯೂ ಈ ವಿದ್ಯೆಯನ್ನು ಬಲ್ಲದು. ಮಜ್ಜಿಗೆಗೂ ಮರಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ: ಕಡೆ. ಹಗ್ಗ ಸುತ್ತಿದ ಕಡೆಗೋಲು ಹಿಂದಕ್ಕೂ ಮುಂದಕ್ಕೂ ತಿರುಗುವಂತೆಯೇ ಹಗ್ಗ ಸುತ್ತಿ ಎಳೆಯುವ ಹಳೆಯ ಕೈಲೇತೂ ತಿರುಗುತ್ತಿತ್ತು. ಹೊಸದಾಗಿ ಕಲಿಯಬೇಕಾದದ್ದು ಗಂಟನ್ನು ಹಿಡಿಯುವ ಕ್ರಮವೊಂದೇ.

ಆ ಕ್ರಮವನ್ನು ಹೇಳುತ್ತೇನೆ. ನಾನು ಆಚಾರಿಯಲ್ಲ, ಆದರೆ ನಿವೃತ್ತಿಯ ನಂತರ ಬಹಳ ದಿನ ಒಬ್ಬ ಹಳೆಯ ವಿದ್ಯಾರ್ಥಿಯ ಕಾರ್ಖಾನೆಯಲ್ಲಿ ಕುಳಿತು ನೋಡಿದವನು, ಕೈಯನ್ನೂ ಹಾಕಿದವನು. ಗಂಟನ್ನು ಕಾಂಡದಿಂದ ಕೊಯ್ದಾಗ ಅದಕ್ಕೆ ಎರಡು ಮುಖಗಳಿರುತ್ತವೆ: ಗರಗಸದಿಂದಾದ ಚಪ್ಪಟೆ ಮುಖ ಮತ್ತು ತೊಗಟೆಯಿಂದ ಕೂಡಿದ ಉಬ್ಬು ಮುಖ. ಸಹಜವಾದ ಅಂಚನ್ನು ಉಳಿಸಿಕೊಳ್ಳಬೇಕಾದರೆ ಬೋಗುಣಿಯ ಬಾಯಿ ಉಬ್ಬಿನ ಕಡೆಗೆ ಬರಬೇಕು, ಪಾದ ಚಪ್ಪಟೆಯ ಕಡೆಗೆ ಬರಬೇಕು. ಆಗ ತೊಗಟೆಯ ಏರಿಳಿತವೇ ಬಾಯಿಯ ಅಂಚಾಗುತ್ತದೆ.

ಇಲ್ಲಿಯೇ ನನ್ನ ಮುಖ್ಯ ಜಗಳ. ಚಪ್ಪಟೆ ಮುಖ ಕಂಡೊಡನೆ ಅದಕ್ಕೆ ಫೇಸ್‌ಪ್ಲೇಟ್ ಇಟ್ಟು ನಾಲ್ಕು ಸ್ಕ್ರೂ ಬಿಗಿದು ತಿರುಗಿಸಲು ತೊಡಗುವವರು ಬಹಳ ಮಂದಿ. ಸುಲಭವೇನೋ ಹೌದು. ಆದರೆ ಮರ ಕಡಿದವನು ಆತುರದಲ್ಲಿ ಹೇಗೋ ಓಡಿಸಿದ ಗರಗಸದ ಗೆರೆಯೇ ಅಲ್ಲಿಂದ ಮುಂದೆ ಬೋಗುಣಿಯ ಅಕ್ಷವನ್ನು ನಿರ್ಧರಿಸಿಬಿಡುತ್ತದೆ. ಅಂಚು ಒಂದು ಕಡೆ ಗಗನಕ್ಕೇರಿ ಇನ್ನೊಂದು ಕಡೆ ಪಾತಾಳಕ್ಕಿಳಿದರೂ ತಿದ್ದಲು ದಾರಿಯಿಲ್ಲ. ಸ್ಕ್ರೂವಿನ ತೂತುಗಳು ಪಾದದಲ್ಲಿ ಉಳಿಯುತ್ತವೆ. ಅವನ್ನು ತೆಗೆಯಹೋದರೆ ಅಷ್ಟು ಆಳ ನಷ್ಟ.

ಸರಿಯಾದ ಮಾರ್ಗವೆಂದರೆ ಮೊದಲು ಗಂಟನ್ನು ಎರಡು ಕೇಂದ್ರಗಳ ನಡುವೆ ಹಿಡಿಯುವುದು. ಉಬ್ಬು ಮುಖದಲ್ಲಿ ಸುಮಾರಾಗಿ ಮಧ್ಯವೆನ್ನಿಸುವಲ್ಲಿ ತೊಗಟೆಯನ್ನು ಉಳಿಯಿಂದ ಬಿಡಿಸಿ, ಗಟ್ಟಿಮರ ಸಿಕ್ಕುವವರೆಗೆ ಗುಳಿ ಮಾಡಬೇಕು. ಮೋಟಾರಿನ ಕಡೆಯ ಹಲ್ಲುಳ್ಳ ಮೊಳೆ ಆ ಗುಳಿಯಲ್ಲಿ ಕಚ್ಚಬೇಕು. ತೊಗಟೆಯ ಮೇಲೆಯೇ ಕಚ್ಚಿಸಿದರೆ ತೊಗಟೆ ಪುಡಿಯಾಗಿ ಹಿಡಿತ ಜಾರುತ್ತದೆ. ಈ ಗುಳಿ ಮುಂದೆ ಬೋಗುಣಿಯ ಒಳಗನ್ನು ತೋಡುವಾಗ ಹೇಗೂ ಹೋಗುವ ಭಾಗ, ನಷ್ಟವೇನಿಲ್ಲ. ಚಪ್ಪಟೆ ಮುಖಕ್ಕೆ ಎದುರಿನ ಟೈಲ್‌ಸ್ಟಾಕಿನ ತಿರುಗುವ ಮೊನೆಯನ್ನು ಒತ್ತಿಡಬೇಕು. ಈಗ ಮೋಟಾರು ಹಾಕದೆ ಕೈಯಿಂದಲೇ ತಿರುಗಿಸಿ ನೋಡಿರಿ. ಒಂದು ಕಡ್ಡಿಯನ್ನು ಸ್ಥಿರವಾಗಿ ಹಿಡಿದರೆ, ಅಂಚಾಗಬೇಕಾದ ತೊಗಟೆ ಎಲ್ಲಿ ಎತ್ತರ, ಎಲ್ಲಿ ತಗ್ಗು ಎಂಬುದು ತಿಳಿಯುತ್ತದೆ. ಎದುರುಬದುರಾದ ಎರಡು ಎತ್ತರಗಳು ಒಂದು ಮಟ್ಟಕ್ಕೆ, ಎರಡು ತಗ್ಗುಗಳು ಒಂದು ಮಟ್ಟಕ್ಕೆ ಬರುವವರೆಗೆ ಎದುರಿನ ಮೊನೆಯ ಸ್ಥಾನವನ್ನು ಬೆರಳಿನಷ್ಟು ಅತ್ತ ಇತ್ತ ಸರಿಸುತ್ತಾ ಹೋಗಬೇಕು. ಗಂಟಿಗೆ ಮಧ್ಯವಿಲ್ಲವೆಂದವರಿಗೆ ಇದೇ ಉತ್ತರ: ಅದರ ಮಧ್ಯವನ್ನು ನಾವು ಹುಡುಕಿ ಕೊಡಬೇಕು. ಹುಡುಕಲು ಅವಕಾಶ ಕೊಡುವ ಹಿಡಿತ ಇದು. ಮೊದಲೇ ಬಿಗಿದ ಫೇಸ್‌ಪ್ಲೇಟು ಆ ಅವಕಾಶವನ್ನು ಕಸಿದುಕೊಳ್ಳುತ್ತದೆ.

ಅಕ್ಷ ಸಿಕ್ಕಿದ ಮೇಲೆ ಹೊರಮೈಯನ್ನು ರೂಪಿಸಿ, ಚಪ್ಪಟೆ ಮುಖದಲ್ಲಿ ಗುಂಡನೆಯ ಗೂಟವನ್ನು ಕಡೆಯಬೇಕು. ಈ ಗೂಟವನ್ನೇ ಮುಂದೆ ನಾಲ್ಕು ದವಡೆಯ ಚಕ್ ಹಿಡಿಯುವುದು. ಗೂಟದಲ್ಲಿ ತೊಗಟೆಯಾಗಲಿ ಬಿರುಕಾಗಲಿ ಟೊಳ್ಳಾಗಲಿ ಇರಕೂಡದು. ಅದರ ತುದಿ ಚಕ್ಕಿನ ತಳಕ್ಕೆ ತಾಗದಷ್ಟು ಗಿಡ್ಡವಾಗಿರಬೇಕು. ಬೋಗುಣಿಯ ಭುಜ ದವಡೆಗಳ ಮೇಲೆ ಸಮವಾಗಿ ಕೂರಬೇಕು. ಆಗ ಗಂಟನ್ನು ತಿರುಗಿಸಿ ಚಕ್ಕಿಗೆ ಕೊಟ್ಟು, ಸಾಧ್ಯವಾದಷ್ಟು ಹೊತ್ತು ಟೈಲ್‌ಸ್ಟಾಕಿನ ಆಸರೆಯನ್ನೂ ಉಳಿಸಿಕೊಂಡು ಒಳಗನ್ನು ತೋಡಬೇಕು. ಅಂಚಿನಲ್ಲಿ ಉಳಿ ಹೊರಗಿನ ತೊಗಟೆಯ ಕಡೆಯಿಂದ ಮರದ ಕಡೆಗೆ ಸಾಗಿದರೆ ತೊಗಟೆಗೆ ಹಿಂದಿನಿಂದ ಆಸರೆ ದೊರೆತು ಅದು ಕಿತ್ತುಬರುವುದಿಲ್ಲ. ಹಿಡಿತ ಸಡಿಲವಿರುವಲ್ಲಿ ತೆಳುವಾದ ಅಂಟು ಇಳಿಸಬಹುದು. ಬೇಸಿಗೆಗೆ ಮೊದಲು, ಮರ ಚಿಗುರದಿರುವ ಕಾಲದಲ್ಲಿ ಕಡಿದ ಗಂಟಿನಲ್ಲಿ ತೊಗಟೆ ಹೆಚ್ಚು ಭದ್ರವಾಗಿರುತ್ತದೆ.

ಮೊಳೆಯ ಹಿಡಿತವನ್ನು ನಂಬಲಾರದಷ್ಟು ದೊಡ್ಡದಾದ, ಭಾರವಾದ ಗಂಟಿಗೆ ಫೇಸ್‌ಪ್ಲೇಟ್ ಬೇಕಾಗುವುದುಂಟು, ಒಪ್ಪುತ್ತೇನೆ. ಆಗಲೂ ಅದರ ಸ್ಥಾನ ಉಬ್ಬು ಮುಖದಲ್ಲಿ ತೊಗಟೆ ತೆಗೆದು ಮಟ್ಟಮಾಡಿದ ಜಾಗ. ಸ್ಕ್ರೂ ಯಾವುದು ಎಂಬುದೂ ಮುಖ್ಯ. ಜಿಪ್ಸಮ್ ಹಲಗೆ ಕೂರಿಸಲು ಬಳಸುವ ತೆಳ್ಳನೆಯ ಕಪ್ಪು ಸ್ಕ್ರೂಗಳು ಅಗ್ಗವೆಂದು ಅವನ್ನೇ ಬಿಗಿಯುತ್ತಾರೆ. ಅವು ಪೆಡಸು, ಅಡ್ಡ ಹೊಡೆತಕ್ಕೆ ಬಾಗುವ ಬದಲು ಪಟಕ್ಕನೆ ತುಂಡಾಗುತ್ತವೆ. ದಪ್ಪನೆಯ ಮರದ ಸ್ಕ್ರೂಗಳೇ ಬೇಕು, ಗಟ್ಟಿಮರದೊಳಕ್ಕೆ ಇಳಿಯಬೇಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಈಚೆಗೆ ಹುಡುಗರು ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೊ ನೋಡಿ ಲೇತಿನ ಮುಂದೆ ನಿಲ್ಲುತ್ತಾರೆ. ಆ ಎರಡು ನಿಮಿಷದಲ್ಲಿ ಕಟ್ಟುವ ಭಾಗವನ್ನು ಕತ್ತರಿಸಿ ತಿರುಗುವ ಭಾಗವನ್ನಷ್ಟೇ ತೋರಿಸಿರುತ್ತಾರೆ. ನಾನು ಅವರಿಗೆ ಹೇಳುವುದು ಗಣಿತವನ್ನು. ೨೫ ಸೆಂಟಿಮೀಟರ್ ವ್ಯಾಸದ ಗಂಟು ನಿಮಿಷಕ್ಕೆ ೧,೦೦೦ ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು ೪೭ ಕಿಲೋಮೀಟರ್. ೪೦೦ ಸುತ್ತಿಗೆ ಇಳಿಸಿದರೆ ಸುಮಾರು ೧೯ ಕಿಲೋಮೀಟರ್. ವೇಗ ಎರಡೂವರೆ ಪಟ್ಟು ಹೆಚ್ಚಿದರೆ ಹೊಡೆತದ ಶಕ್ತಿ ಆರು ಪಟ್ಟಿಗೂ ಮಿಗಿಲಾಗುತ್ತದೆ. ಒಂಬತ್ತನೆಯ ತರಗತಿಯ ಚಲನಶಕ್ತಿಯ ಸೂತ್ರವನ್ನು ನೆನಪಿಸಿಕೊಳ್ಳಿ. ಸೊಟ್ಟ ಗಂಟಿಗೆ ಸಮತೋಲವಿಲ್ಲ. ಆದುದರಿಂದ ಗುಂಡಗಾಗುವವರೆಗೆ ೩೦೦–೪೦೦ ಸುತ್ತು ಮೀರಬಾರದು. ಲೇತು ನಡುಗಿದರೆ ಇನ್ನೂ ಇಳಿಸಬೇಕು. ಮೋಟಾರು ಹಾಕುವಾಗ ಗಂಟು ಹಾರಿಬರುವ ನೇರದಲ್ಲಿ ನಿಲ್ಲಬಾರದು. ಕೆಲವು ನಿಮಿಷ ತಿರುಗಿಸಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಕನ್ನಡಕ ಸಾಲದು, ಇಡೀ ಮುಖವನ್ನು ಮುಚ್ಚುವ ಕವಚ ಬೇಕು. ಮೂಗಿಗೆ ಬಟ್ಟೆ ಬೇಕು. ಇವೆಲ್ಲಕ್ಕಿಂತ ಮೊದಲು ಗಂಟನ್ನು ಸುತ್ತಿಗೆಯಿಂದ ತಟ್ಟಿ ಕೇಳಿರಿ. ಠಣ್ಣೆಂದರೆ ಸರಿ, ಬದ್ದೆಂದರೆ ಒಳಗೆ ಟೊಳ್ಳು ಅಥವಾ ಕೊಳೆ. ಅಂತಹುದನ್ನು ಬ್ಯಾರನ್ನಿಗೇ ಕಳುಹಿಸಿ, ನನ್ನ ತಕರಾರಿಲ್ಲ.

ಎರಡನೆಯ ಆಕ್ಷೇಪ ಗಿರಾಕಿಗಳದು. ತೊಗಟೆ ಉಳಿದು ಅಂಚು ಏರುಪೇರಾಗಿರುವ ಬೋಗುಣಿಯನ್ನು ಕಂಡು "ಇದು ಅರೆಗೆಲಸ, ಪೂರ್ತಿ ಮಾಡಿ ಕೊಡಿ" ಎನ್ನುತ್ತಾರೆ. ಪ್ಲಾಸ್ಟಿಕ್ ಬೋಗುಣಿಯ ಅಂಚು ಸಮವಾಗಿರುವುದು ಅಚ್ಚಿನಿಂದ. ಅಂಚನ್ನು ಗರಗಸದಿಂದ ಸವರಿ ಸಮಮಾಡುವುದು ಕಡೆಯುವವನಿಗೆ ಐದು ನಿಮಿಷದ ಕೆಲಸ. ಅದನ್ನು ಉಳಿಸಿಕೊಳ್ಳುವುದಕ್ಕೇ ಅವನು ಅರ್ಧ ದಿನ ಅಕ್ಷ ಹುಡುಕಿರುತ್ತಾನೆ. ಮರ ಇದ್ದಾಗ ಅದರ ಮೈ ಹೇಗಿತ್ತೆಂಬುದಕ್ಕೆ ಉಳಿದಿರುವ ಸಾಕ್ಷಿ ಆ ಅಂಚೊಂದೇ. ಹಾಗೆಂದು ಅದರಲ್ಲಿ ಬಿಸಿಸಾರು ಬಡಿಸಿರೆಂದು ನಾನು ಹೇಳುವುದಿಲ್ಲ. ಕಡಲೆಕಾಯಿ, ಬಾಳೆಹಣ್ಣು, ಎಲೆಅಡಿಕೆ ಇಡಲು ಅದು ಯೋಗ್ಯ. ನಮ್ಮ ಅಜ್ಜಿಯರ ಮರಿಗೆಯೂ ಹೀಗೆಯೇ ಒಂದೊಂದು ಒಂದೊಂದು ರೂಪದಲ್ಲಿತ್ತು; ಯಾರೂ ಅದನ್ನು ಅರೆಗೆಲಸವೆಂದಿರಲಿಲ್ಲ.

ಮೂರನೆಯದು ನನ್ನ ಬಂಧುಗಳದು: "ಇದರಿಂದ ಹೊಟ್ಟೆ ತುಂಬುತ್ತದೆಯೇ?" ಒಂದೇ ಬೋಗುಣಿಯಿಂದ ತುಂಬುವುದಿಲ್ಲ. ಆದರೆ ಲೇತು, ಕೈಚಳಕ, ಬಿಡುವು ಮೂರೂ ಇರುವ ಮರಗೆಲಸದವನು ಹುಣಸೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾನೆ. ಕಾರ್ಖಾನೆಯಲ್ಲಿ ತಯಾರಾದ ಪೀಠೋಪಕರಣ ಬಂದ ಮೇಲೆ ಮಂಚದ ಕಾಲು ಕಡೆಸಲು ಬರುವವರು ಕಡಮೆಯಾಗಿದ್ದಾರೆ. ಐಟಿಐಗಳಲ್ಲಿ ಟರ್ನರ್ ಎಂದರೆ ಲೋಹ ಕಡೆಯುವವನು; ಮರ ಕಡೆಯುವ ಹುಡುಗನಿಗೆ ಕಲಿಸುವವರು ಊರಿನ ಆಚಾರರೇ, ಅವರಿಗೂ ವಯಸ್ಸಾಗುತ್ತಿದೆ. ಸೌದೆಗೆ ಟನ್ನಿನ ಲೆಕ್ಕ. ಬೋಗುಣಿಗೆ ಒಂದೊಂದರ ಬೆಲೆ. ಮೈಸೂರಿಗೂ ಕೊಡಗಿಗೂ ಹೋಗುವ ಪ್ರವಾಸಿಗರು ದಿನವೂ ಹುಣಸೂರನ್ನೂ ಬೈಲಕುಪ್ಪೆಯನ್ನೂ ಹಾದುಹೋಗುತ್ತಾರೆ. ಹಸಿ ಗಂಟನ್ನು ದಪ್ಪವಾಗಿ ಕಡೆದು, ಕಾಗದದಲ್ಲಿ ಸುತ್ತಿ, ಮಳೆಗಾಲದ ತಂಪಿನಲ್ಲಿ ನಿಧಾನವಾಗಿ ಒಣಗಿಸಿ, ಚಳಿಗಾಲದಲ್ಲಿ ಮತ್ತೊಮ್ಮೆ ಕಡೆದು ಮುಗಿಸುವ ಕೆಲಸ ನಮ್ಮ ಹವೆಗೆ ಹೇಳಿಮಾಡಿಸಿದಂತಿದೆ.

ಇಷ್ಟು ಹೇಳಿದ ಮೇಲೆ ನನ್ನ ಕಡೆಯವರಿಗೇ ಒಂದು ಎಚ್ಚರಿಕೆ ಹೇಳದೆ ಬಿಡಲಾರೆ. ಗಂಟಿಗೆ ಬೆಲೆ ಬಂದೊಡನೆ ನಿಂತ ಮರದಿಂದ ಗಂಟನ್ನು ಕೊಯ್ಯುವ ದುರಾಸೆಯೂ ಬರುತ್ತದೆ. ಬದುಕಿರುವ ಮರದ ಗಂಟನ್ನು ಕೊಯ್ದರೆ ಅಷ್ಟಗಲದ ಗಾಯ ತೆರೆದುಕೊಂಡು ರೋಗಕ್ಕೆ ಬಾಗಿಲಾಗುತ್ತದೆ. ನಾಗರಹೊಳೆ ೧೯೮೮ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿ ಬಿದ್ದ ಕಡ್ಡಿಯೂ ನಮ್ಮದಲ್ಲ. ಬೀಟೆ, ಶ್ರೀಗಂಧಗಳ ಗೊಡವೆಯೂ ನಮಗೆ ಬೇಡ. ಸ್ವಂತ ಜಮೀನಿನ ಮರವನ್ನು ಕಡಿಯಲು ೧೯೭೬ರ ವೃಕ್ಷ ಸಂರಕ್ಷಣಾ ಕಾಯಿದೆಯಿದೆ. ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ನಾನು ಕೇಳುತ್ತಿರುವುದು ಬೇರೆ ಕಾರಣಕ್ಕೆ ಈಗಾಗಲೇ ಉರುಳಿದ ಮರದ ಗಂಟನ್ನು ಮಾತ್ರ: ಗಾಳಿಗೆ ಬಿದ್ದ ಬದುವಿನ ಬೇವು, ಫಲ ನಿಂತ ಮಾವು, ಕಿತ್ತುಹಾಕಿದ ನೀಲಗಿರಿ ಬುಡ. ಅಷ್ಟೇ ನಮ್ಮ ಲೇತುಗಳಿಗೆ ಬೇಕಾದಷ್ಟಾಯಿತು.

ಹೊಗೆಸೊಪ್ಪು ಬೆಳೆಯುವ ನನ್ನ ವಿದ್ಯಾರ್ಥಿಗಳೇ, ಈ ವರ್ಷ ಸೌದೆ ಇಳಿಸಿಕೊಳ್ಳುವಾಗ ಗಂಟುಗಳನ್ನು ಬೇರೆ ಮಾಡಿ, ಕೊಯ್ದ ಮುಖಕ್ಕೆ ಮೇಣ ಬಳಿದು, ನೆರಳಿನಲ್ಲಿಡಿ. ಸಾಮಿಲ್ಲು ನಡೆಸುವವರೇ, ಗಂಟನ್ನು ಕಾಂಡದಿಂದ ಬಿಡಿಸುವಾಗ ಹಿಂಬದಿಯಲ್ಲಿ ಎರಡು ಅಂಗುಲ ಗಟ್ಟಿಮರವನ್ನು ಬಿಟ್ಟು ಕೊಯ್ಯಿರಿ. ಪಾದಕ್ಕೆ ಅದು ಬೇಕು. ಆಚಾರರೇ, ಫೇಸ್‌ಪ್ಲೇಟನ್ನು ಕೈಗೆತ್ತಿಕೊಳ್ಳುವ ಮೊದಲು ಗಂಟನ್ನು ಎರಡು ಮೊನೆಗಳ ನಡುವೆ ಹಿಡಿದು ಒಂದು ಸುತ್ತು ಕೈಯಿಂದ ತಿರುಗಿಸಿ ನೋಡಿರಿ. ಇಷ್ಟಾದ ಮೇಲೂ ಅದು ಸೌದೆಯೆಂದೇ ನಿಮಗೆ ತೋರಿದರೆ ಒಲೆಗೆ ಹಾಕಿ. ನೋಡದೆ ಮಾತ್ರ ಹಾಕಬೇಡಿ.